ಮೂರನೇ ತಂತಿಯ ಶ್ರುತಿ ಏಕೆ ಇಳಿಯುತ್ತಿತ್ತು: ಚಿಕ್ಕಮಗಳೂರಿನ ಒಂದು ಬಾಸ್ ಗಿಟಾರಿನ ಪ್ರಕರಣ ಅಧ್ಯಯನ

ಹಿನ್ನೆಲೆ

ಗಣೇಶೋತ್ಸವದಿಂದ ಕನ್ನಡ ರಾಜ್ಯೋತ್ಸವದವರೆಗಿನ ತಿಂಗಳುಗಳು ಚಿಕ್ಕಮಗಳೂರು ಜಿಲ್ಲೆಯ ರಸಮಂಜರಿ ತಂಡಗಳಿಗೆ ಬಿಡುವಿಲ್ಲದ ಕಾಲ. ಒಂದು ದಿನ ಮೂಡಿಗೆರೆಯ ಕಡೆ ಎಡೆಬಿಡದ ಮಳೆಯಲ್ಲಿ ತಗಡಿನ ಪೆಂಡಾಲಿನ ಕೆಳಗೆ ನುಡಿಸಿದ ವಾದ್ಯವೇ ಮರುದಿನ ಕಡೂರು, ಬೀರೂರಿನ ಒಣಗಾಳಿಯಲ್ಲಿ ವೇದಿಕೆ ಏರುತ್ತದೆ. ಮಲೆನಾಡು ಮತ್ತು ಬಯಲುಸೀಮೆ ಎರಡನ್ನೂ ಒಂದೇ ಜಿಲ್ಲೆಯೊಳಗೆ ಇಟ್ಟುಕೊಂಡಿರುವ ಈ ಊರುಗಳಲ್ಲಿ ವಾದ್ಯದ ಮರ ಒಂದೇ ವಾರದಲ್ಲಿ ಎರಡು ಹವಾಮಾನಗಳನ್ನು ತಾಳಿಕೊಳ್ಳಬೇಕಾಗುತ್ತದೆ. ಇಲ್ಲಿ ವಿವರಿಸಲಿರುವ ದೋಷದ ಬೇರು ಇದೇ ಆಗಿರುವುದರಿಂದ ಇದನ್ನು ಮೊದಲಿಗೇ ಹೇಳಿದ್ದೇನೆ.

ದುರಸ್ತಿಗೆ ಬಂದದ್ದು ಅಂತಹ ಒಂದು ತಂಡದ ನಾಲ್ಕು ತಂತಿಯ ಬಾಸ್ ಗಿಟಾರ್. ಫೆಂಡರ್ ಕಂಪನಿ 1960ರಲ್ಲಿ ಮಾರುಕಟ್ಟೆಗೆ ತಂದ ಜಾಝ್ ಬಾಸ್ ಮಾದರಿಯನ್ನು ಅನುಸರಿಸಿ ಬೇರೆಡೆ ತಯಾರಾದ, ಸಾಧಾರಣ ಬೆಲೆಯ, ಆದರೆ ಒಳ್ಳೆಯ ಮರದ ವಾದ್ಯ ಅದು. ಕತ್ತು ಮೇಪಲ್ ಮರದ್ದು. ಕತ್ತಿನ ತುದಿಯಲ್ಲಿ ತಂತಿಗಳು ಕಚ್ಚುಗಳಲ್ಲಿ ಕೂರುವ ಚಿಕ್ಕ ಪಟ್ಟಿ ನಟ್; ಒಡಲಿನ ಮೇಲೆ ತಂತಿಗಳ ಇನ್ನೊಂದು ತುದಿ ಕೂರುವ ಭಾಗ ಬ್ರಿಜ್. ನಟ್‌ನಿಂದ ಬ್ರಿಜ್‌ವರೆಗೆ ತಂತಿಯ ಉದ್ದ 34 ಅಂಗುಲ, ಎಂದರೆ ಸುಮಾರು 864 ಮಿಲಿಮೀಟರ್. ತಲೆಭಾಗದ ಒಂದೇ ಬದಿಯಲ್ಲಿ ಸಾಲಾಗಿ, ತಂತಿಗಳನ್ನು ಬಿಗಿಮಾಡಿ ಶ್ರುತಿ ಸೇರಿಸುವ ನಾಲ್ಕು ಟ್ಯೂನಿಂಗ್ ಕೀಗಳಿದ್ದು, ಅವುಗಳ ಗೇರುಗಳು ಹಿಂಬದಿಯಲ್ಲಿ ಮುಚ್ಚಳವಿಲ್ಲದೆ ತೆರೆದುಕೊಂಡಿದ್ದವು. 1951ರ ಪ್ರಿಸಿಷನ್ ಬಾಸ್‌ನಿಂದ ಇಂದಿನವರೆಗೆ ಅನೇಕ ಬಾಸ್ ಗಿಟಾರುಗಳಲ್ಲಿ ಕಾಣುವ ವ್ಯವಸ್ಥೆ ಇದು. ಆದ್ದರಿಂದ ಇಲ್ಲಿ ಹೇಳುವ ಮಾತುಗಳು ಈ ಒಂದು ವಾದ್ಯಕ್ಕಷ್ಟೇ ಸೀಮಿತವಲ್ಲ.

ದೂರು ಸ್ಪಷ್ಟವಾಗಿತ್ತು. ಮೂರನೇ ತಂತಿ, ಎಂದರೆ 55 ಹರ್ಟ್ಸ್‌ಗೆ ಶ್ರುತಿಗೊಳಿಸುವ ಎ ತಂತಿ, ಕಾರ್ಯಕ್ರಮ ಆರಂಭವಾಗಿ ಎರಡು ಮೂರು ಹಾಡುಗಳು ಮುಗಿಯುವಷ್ಟರಲ್ಲಿ ಕೆಳಗಿಳಿಯುತ್ತಿತ್ತು. ನಾಲ್ಕನೇ ತಂತಿಯನ್ನು ಶ್ರುತಿ ಮಾಡುವಾಗ "ಟಿಕ್" ಎಂಬ ಸದ್ದಿನೊಡನೆ ಸ್ವರ ಒಮ್ಮೆಲೇ ಜಿಗಿಯುತ್ತಿತ್ತು. ಮೊದಲ ಎರಡು ತಂತಿಗಳ ಕೀಗಳು ಬೆಳಗಿನ ಹೊತ್ತು ತಿರುಗಿಸಲಾರದಷ್ಟು ಬಿಗಿಯಾಗುತ್ತಿದ್ದವು. ಮಂದ್ರಸ್ವರ ಸ್ವಲ್ಪ ಇಳಿದಾಗ ಕೇಳುಗರಿಗೆ ಬಾಸ್ ತಪ್ಪಿದೆ ಎಂದು ನೇರವಾಗಿ ತಿಳಿಯುವುದಿಲ್ಲ. ಗಾಯಕರೇ ಶ್ರುತಿ ಬಿಟ್ಟು ಹಾಡುತ್ತಿದ್ದಾರೆಂದು ಅನ್ನಿಸುತ್ತದೆ. ತಂಡದೊಳಗೆ ಈ ಕಾರಣಕ್ಕೆ ಮಾತಿಗೆ ಮಾತು ಬೆಳೆದದ್ದೂ ಉಂಟೆಂದು ಬಾಸ್ ವಾದಕರು ನೊಂದುಕೊಂಡು ಹೇಳಿದರು. "ಗೇರಿನ ಹಲ್ಲು ಸವೆದು ಜಾರ್ತಿದೆ ಅಂತ ಎಲ್ರೂ ಹೇಳ್ತಾರೆ ಸಾರ್, ನಾಲ್ಕೂ ಕೀ ಹೊಸದು ತರಿಸಿ ಹಾಕಿಬಿಡಿ" ಎಂಬುದು ಅವರ ಕೋರಿಕೆಯಾಗಿತ್ತು.

ಆ ಕೋರಿಕೆಯನ್ನು ನಾನು ಒಪ್ಪಲಿಲ್ಲ. ಹಣದ ಉಳಿತಾಯ ಅದಕ್ಕಿದ್ದ ಒಂದು ಕಾರಣ ಮಾತ್ರ. ದೋಷ ಎಲ್ಲಿದೆ ಎಂದು ತಿಳಿಯುವ ಮೊದಲು ಬಿಡಿಭಾಗ ಬದಲಿಸಿದರೆ, ಹೊಸ ಕೀಗಳೂ ಅದೇ ದೋಷವನ್ನು ಹೊತ್ತುಕೊಂಡು ಮೂರು ತಿಂಗಳಲ್ಲಿ ಮರಳಿ ಬರುತ್ತವೆ.

ಗೇರು ಜಾರುತ್ತದೆಯೆ?

ಟ್ಯೂನಿಂಗ್ ಕೀಯೊಳಗಿನ ಕೆಲಸ ಸರಳವಾದದ್ದು. ನಾವು ಬೆರಳಲ್ಲಿ ತಿರುಗಿಸುವ ಹಿಡಿಯ ದಂಡಿನ ಮೇಲೆ ಸ್ಕ್ರೂವಿನಂತೆ ಸುತ್ತಿಕೊಂಡಿರುವ ಎಳೆಯೊಂದಿದೆ, ಇದು ವರ್ಮ್. ಅದು ಹಲ್ಲಿನ ಚಕ್ರವೊಂದನ್ನು ತಿರುಗಿಸುತ್ತದೆ. ಚಕ್ರದ ನಡುವೆ ಒಂದು ಸ್ಕ್ರೂ ಹಾಕಿ ತಂತಿ ಸುತ್ತುವ ಗೂಟಕ್ಕೆ ಬಿಗಿದಿರುತ್ತಾರೆ. ಗೂಟ ತಲೆಭಾಗದ ಮರವನ್ನು ತೂರಿ ಮುಂಬದಿಗೆ ಬರುತ್ತದೆ. ಅಲ್ಲಿ ಅದು ಅಲುಗದಂತೆ ಮರದ ತೂತಿನೊಳಗೆ ಒತ್ತಿ ಕೂರಿಸಿದ ಲೋಹದ ಬುಶ್ ಇರುತ್ತದೆ. ಹಿಂಬದಿಯಲ್ಲಿ ಇಡೀ ಜೋಡಣೆಯನ್ನು ಹೊತ್ತ ತಗಡಿನ ತಳಪಟ್ಟಿಯನ್ನು ನಾಲ್ಕು ಚಿಕ್ಕ ಸ್ಕ್ರೂಗಳು ಮರಕ್ಕೆ ಹಿಡಿದಿಡುತ್ತವೆ. ಬಾಸ್ ಕೀಗಳಲ್ಲಿ ಗೇರಿನ ಅನುಪಾತ ಸಾಮಾನ್ಯವಾಗಿ 20:1ರ ಆಸುಪಾಸಿನಲ್ಲಿರುತ್ತದೆ. ಹಿಡಿ ಇಪ್ಪತ್ತು ಸುತ್ತು ತಿರುಗಿದಾಗ ಗೂಟ ಒಂದು ಸುತ್ತು ತಿರುಗುತ್ತದೆ.

ವರ್ಮ್ ಚಕ್ರವನ್ನು ತಿರುಗಿಸಬಲ್ಲದು, ಆದರೆ ಚಕ್ರ ವರ್ಮ್ ಅನ್ನು ತಿರುಗಿಸಲಾರದು. ಎಳೆಯ ಓರೆ ಅಷ್ಟು ಕಡಿಮೆಯಿರುವುದರಿಂದ ಚಕ್ರದ ಒತ್ತಡವೆಲ್ಲ ಘರ್ಷಣೆಯಲ್ಲೇ ನಿಂತುಹೋಗುತ್ತದೆ. ವೀಣೆಯ ಮರದ ಬಿರಡೆಯ ಕಥೆ ಬೇರೆ. ಅಲ್ಲಿ ಶ್ರುತಿ ನಿಲ್ಲುವುದು ಮರ ಮರಕ್ಕೆ ಕಚ್ಚಿಕೊಳ್ಳುವ ಬಲದಿಂದ ಮಾತ್ರ. ಕಚ್ಚುವಿಕೆ ಸಡಿಲಗೊಂಡರೆ ಬಿರಡೆ ನಿಜವಾಗಿಯೂ ಹಿಂದಕ್ಕೆ ತಿರುಗುತ್ತದೆ. ಇತ್ತೀಚಿನ ಹಲವು ವೀಣೆಗಳಿಗೆ ಗಿಟಾರ್ ಮಾದರಿಯ ಕೀಗಳನ್ನೇ ಅಳವಡಿಸುತ್ತಿರುವುದು ಈ ತೊಂದರೆಯನ್ನು ತಪ್ಪಿಸುವುದಕ್ಕಾಗಿ. ಆದ್ದರಿಂದ ಹಲ್ಲುಗಳು ಮುರಿದಿದ್ದರೆ ಅಥವಾ ಚೂಪಾಗಿ ಸವೆದು ವರ್ಮ್ ಮೇಲಿಂದ ಹಾರುತ್ತಿದ್ದರೆ ಮಾತ್ರ ಗೇರು ಜಾರಿತು ಎನ್ನಬಹುದು, ಮತ್ತು ಹಾಗಾದಾಗ ಶ್ರುತಿ ಮೆಲ್ಲಗೆ ಇಳಿಯುವುದಿಲ್ಲ, ಒಮ್ಮೆಲೇ ಕುಸಿಯುತ್ತದೆ. ಈ ವಾದ್ಯದಲ್ಲಿ ಇಳಿತ ನಿಧಾನವಾಗಿತ್ತು. ಗೇರಿನ ಮೇಲೆ ನನಗೆ ಅನುಮಾನ ಬಾರದಿದ್ದುದಕ್ಕೆ ಇದೇ ಮೊದಲ ಕಾರಣ.

ಒಂದು ಲೆಕ್ಕವನ್ನೂ ಇಲ್ಲಿಯೇ ಮಾಡಿಕೊಳ್ಳುವುದು ಒಳ್ಳೆಯದು. ತಂತಿ ಸುತ್ತಿದ ಜಾಗದಲ್ಲಿ ಗೂಟದ ಸುತ್ತಳತೆ 35 ಮಿ.ಮೀ. ಎಂದಿಟ್ಟುಕೊಂಡರೆ, ಹಿಡಿಯ ಒಂದು ಪೂರ್ಣ ಸುತ್ತಿಗೆ ಗೂಟ 18 ಡಿಗ್ರಿ ತಿರುಗಿ, ಸುಮಾರು 1.75 ಮಿ.ಮೀ. ತಂತಿಯನ್ನು ಎಳೆದುಕೊಳ್ಳುತ್ತದೆ, ಕಾಲು ಸುತ್ತಿಗೆ ಅರ್ಧ ಮಿಲಿಮೀಟರಿಗೂ ಕಡಿಮೆ. ವಾದಕರು ಶ್ರುತಿ ಸರಿಪಡಿಸಲು ಹಿಡಿಯನ್ನು ಕಾಲು ಸುತ್ತಿನಷ್ಟು ತಿರುಗಿಸುತ್ತಿದ್ದರೆ, ಎಲ್ಲೋ ಒಂದು ಕಡೆ ಅರ್ಧ ಮಿಲಿಮೀಟರಿನೊಳಗಿನ ಚಲನೆ ನಡೆಯುತ್ತಿದೆ ಎಂದಷ್ಟೇ ಅರ್ಥ. ಅಷ್ಟು ಕೊಡಲು ಗೇರು ಜಾರಬೇಕಿಲ್ಲ. ಗೂಟ ಒಂದು ಕೂದಲೆಳೆಯಷ್ಟು ವಾಲಿದರೆ ಸಾಕು.

ಪರೀಕ್ಷೆ

ತಂತಿಗಳನ್ನು ಬಿಚ್ಚದೆ, ವಾದ್ಯ ಬಂದ ಸ್ಥಿತಿಯಲ್ಲೇ ಪರೀಕ್ಷೆ ಆರಂಭಿಸಿದೆ. ತಂತಿ ಬಿಚ್ಚಿದ ಮೇಲೆ ಎಳೆತ ಇರುವುದಿಲ್ಲ. ಎಳೆತ ಇಲ್ಲದಿದ್ದರೆ ಎಳೆತದಿಂದ ಹುಟ್ಟುವ ದೋಷವೂ ಕಣ್ಣಿಗೆ ಬೀಳುವುದಿಲ್ಲ. ಬಾಸ್ ಗಿಟಾರಿನ ಒಂದೊಂದು ತಂತಿಯೂ ಶ್ರುತಿಯಲ್ಲಿದ್ದಾಗ ಸುಮಾರು 16ರಿಂದ 23 ಕಿಲೋಗ್ರಾಂ ಭಾರದಷ್ಟು ಬಲದಿಂದ ಗೂಟವನ್ನು ನಟ್ ಕಡೆಗೆ ಎಳೆಯುತ್ತಿರುತ್ತದೆ ಎಂಬುದನ್ನು ನೆನೆದರೆ ಈ ಕ್ರಮದ ಅಗತ್ಯ ತಿಳಿಯುತ್ತದೆ.

ಮೊದಲು ಎ ತಂತಿಯ ಕೀಯ ವರ್ಮ್ ದಂಡು, ಹಲ್ಲಿನ ಚಕ್ರ ಮತ್ತು ತಳಪಟ್ಟಿ ಮೂರರ ಮೇಲೂ ಹಾಯುವಂತೆ ಮೊನೆ ಮಾಡಿದ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ತಂತಿಯನ್ನು ಸರಿಯಾದ ಶ್ರುತಿಗೆ ತಂದು, ವೇದಿಕೆಯಲ್ಲಿ ನುಡಿಸುವಷ್ಟೇ ಬಲವಾಗಿ ನುಡಿಸಲು ವಾದಕರನ್ನೇ ಕೇಳಿಕೊಂಡೆ. ಸ್ವಲ್ಪ ಹೊತ್ತಿನ ನಂತರ ನೋಡಿದಾಗ ಎಲೆಕ್ಟ್ರಾನಿಕ್ ಟ್ಯೂನರಿನಲ್ಲಿ ತಂತಿ 15 ಸೆಂಟ್ ಇಳಿದಿತ್ತು. ಒಂದು ಅರ್ಧಸ್ವರವನ್ನು ನೂರು ಭಾಗ ಮಾಡಿದರೆ ಅದರ ಒಂದು ಭಾಗ ಒಂದು ಸೆಂಟ್. ತಂತಿಯ ಎಳೆತದ ಲೆಕ್ಕದಲ್ಲಿ 15 ಸೆಂಟ್ ಎಂದರೆ ಶೇಕಡ 1.7ರಷ್ಟು, ಎಂದರೆ 20 ಕಿಲೋ ಎಳೆತದಲ್ಲಿ ಸುಮಾರು 350 ಗ್ರಾಂ ಕಡಿಮೆಯಾದಂತೆ. ಆದರೆ ಪೆನ್ಸಿಲ್ ಗೆರೆ ಎಲ್ಲಿಯೂ ಮುರಿದಿರಲಿಲ್ಲ. ಹಿಡಿ ತಿರುಗಿರಲಿಲ್ಲ, ಚಕ್ರ ತಿರುಗಿರಲಿಲ್ಲ. ವಾದಕರು ಗೆರೆಯನ್ನೂ ಟ್ಯೂನರಿನ ಮುಳ್ಳನ್ನೂ ಮತ್ತೆ ಮತ್ತೆ ನೋಡಿದರು; ಹೊಸ ಸೆಟ್ ತರಿಸುವ ಮಾತು ಅಲ್ಲಿಗೆ ನಿಂತಿತು.

ಬಳಿಕ ತಳಪಟ್ಟಿಯನ್ನು ಗಮನಿಸಿದೆ. ತಂತಿ ಬಿಗಿಯಾಗಿರುವಾಗ ಪಟ್ಟಿಯ ನಟ್ ಕಡೆಯ ಅಂಚಿಗೂ ಮರಕ್ಕೂ ನಡುವೆ ಕಾಗದದ ಹಾಳೆಯೊಂದು ತೂರುವಷ್ಟು ಸಂದು ಇತ್ತು. ಎದುರು ಅಂಚು ಮಾತ್ರ ಮರಕ್ಕೆ ಒತ್ತಿಕೊಂಡಿತ್ತು. ಇದು ಆಕಸ್ಮಿಕವಲ್ಲ. ತಂತಿ ಮುಂಬದಿಯಲ್ಲಿ ಗೂಟದ ತುದಿಯನ್ನು ನಟ್ ಕಡೆಗೆ ಎಳೆದಾಗ, ಗೂಟ ಬುಶ್‌ನ ಬಳಿ ಮೀಟುಗೋಲಿನಂತೆ ವಾಲಿ, ಹಿಂಬದಿಯ ಪಟ್ಟಿಯ ನಟ್ ಕಡೆಯ ಅಂಚನ್ನು ಮರದಿಂದ ಬಿಡಿಸಲು ನೋಡುತ್ತದೆ. ಆ ಅಂಚಿನ ಎರಡು ಸ್ಕ್ರೂಗಳ ಮೇಲೆ ಸದಾ ಹೆಚ್ಚು ಒತ್ತಡ. ಈ ವಾದ್ಯದಲ್ಲಿ ಅವೆರಡೂ ಸ್ಕ್ರೂಡ್ರೈವರ್ ತಾಗಿಸಿದರೆ ಕೊನೆಯಿಲ್ಲದೆ ತಿರುಗುತ್ತಿದ್ದವು. ಅವುಗಳ ಎಳೆಗಳು ಕಚ್ಚಿಕೊಳ್ಳಲು ತೂತಿನಲ್ಲಿ ಮರವೇ ಉಳಿದಿರಲಿಲ್ಲ. ಮುಂಬದಿಯ ಬುಶ್ ಕೂಡ ಬೆರಳಲ್ಲಿ ಒತ್ತಿದರೆ ಸಣ್ಣಗೆ ಅಲುಗುತ್ತಿತ್ತು.

ನಾಲ್ಕನೇ ತಂತಿಯ ಸದ್ದಿಗೆ ಕಾರಣ ಬೇರೆ ಕಡೆ ಇತ್ತು. ನಟ್ ಮತ್ತು ಗೂಟದ ನಡುವಿನ ತಂತಿಯನ್ನು ಬೆರಳಿನಿಂದ ಕೆಳಕ್ಕೊತ್ತಿ ಬಿಟ್ಟಾಗ ಸ್ವರ ಏರಿ, ಏರಿದಲ್ಲೇ ನಿಂತಿತು. ತಂತಿ ನಟ್‌ನ ಕಚ್ಚಿನಲ್ಲಿ ಸಲೀಸಾಗಿ ಸರಿಯುತ್ತಿದ್ದರೆ ಹೀಗಾಗುವುದಿಲ್ಲ. ಸ್ವರ ಮೊದಲಿದ್ದಲ್ಲಿಗೇ ಮರಳುತ್ತದೆ. ವಿಚಾರಿಸಿದಾಗ, ಹೊರಾಂಗಣದಲ್ಲಿ ಮಂದ್ರಸ್ವರಗಳು ಗಟ್ಟಿಯಾಗಿ ಕೇಳಲೆಂದು ಹಿಂದಿನ ವರ್ಷ 45–100 ಅಳತೆಯ ತಂತಿಗಳನ್ನು ತೆಗೆದು 45–105 ಅಳತೆಯವನ್ನು ಹಾಕಿದ್ದು ತಿಳಿಯಿತು. ಈ ಸಂಖ್ಯೆಗಳು ಅಂಗುಲದ ಸಾವಿರದ ಭಾಗಗಳು. 100ರ ತಂತಿ 2.54 ಮಿ.ಮೀ. ದಪ್ಪ, 105ರದು 2.67 ಮಿ.ಮೀ.; ಮೂರನೇ ತಂತಿಯೂ ಅದೇ ಸೆಟ್ಟಿನಲ್ಲಿ 80ರಿಂದ 85ಕ್ಕೆ ಏರಿತ್ತು. ಹಳೆಯ ತಂತಿಯ ಅಳತೆಗೆ ಕೊರೆದ ಕಚ್ಚಿನಲ್ಲಿ ಹೊಸ ತಂತಿ ಸಿಕ್ಕಿಕೊಂಡು, ಎಳೆತ ಹೆಚ್ಚಾದಾಗ ಒಮ್ಮೆಲೇ ಜಾರುತ್ತಿತ್ತು. ಆ ಸದ್ದನ್ನು ಗೇರಿನ ಸದ್ದೆಂದು ಎಲ್ಲರೂ ತಿಳಿದಿದ್ದರು.

ಮೊದಲ ಎರಡು ಕೀಗಳ ಬಿಗಿತಕ್ಕೆ ಕಾರಣ ತೆಂಗಿನೆಣ್ಣೆ. ತುಕ್ಕು ಹಿಡಿಯದಿರಲೆಂದು ಯಾರೋ ಪ್ರೀತಿಯಿಂದಲೇ ಹಚ್ಚಿದ್ದರು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿರುವ ಚಿಕ್ಕಮಗಳೂರಿನಲ್ಲಿ ವರ್ಷದ ಬಹುಪಾಲು ಬೆಳಗುಗಳು ಅದಕ್ಕಿಂತ ತಂಪು. ಹೆಪ್ಪುಗಟ್ಟುವುದಕ್ಕಿಂತಲೂ ಕೆಟ್ಟದ್ದು, ತಿಂಗಳುಗಳು ಕಳೆದಂತೆ ಅದು ಕೆಟ್ಟು ಅಂಟಾಗಿ, ದೂಳನ್ನೂ ಬಟ್ಟೆಯ ಎಳೆಗಳನ್ನೂ ಹಿಡಿದುಕೊಂಡು ಹಲ್ಲುಗಳ ನಡುವೆ ಗಟ್ಟಿಯಾಗುವುದು. ತಲೆಗೂದಲಿಗೆ, ಅಡುಗೆಗೆ ಎಷ್ಟು ಒಳ್ಳೆಯದಾದರೂ ಗೇರಿಗೆ ಅದು ಸಲ್ಲದು.

ಮರ ಹೇಗೆ ಸೋತಿತು

ಮೇಪಲ್ ಗಟ್ಟಿ ಮರ. ಅದರಲ್ಲಿ ಕೂರಿಸಿದ ಸ್ಕ್ರೂ ತಾನಾಗಿ ಸಡಿಲಗೊಳ್ಳುವುದು ಅಪರೂಪ. ಈ ವಾದ್ಯದ ದಿನಚರಿಯನ್ನು ಕೇಳಿ ತಿಳಿದ ಮೇಲೆ ಕಾರಣ ಸ್ಪಷ್ಟವಾಯಿತು. ಕಾರ್ಯಕ್ರಮ ಮುಗಿದ ಕೂಡಲೇ, ಪೆಂಡಾಲಿನ ತೇವ ಮತ್ತು ಕೈಬೆವರು ಆರುವ ಮೊದಲೇ, ಸ್ಪಂಜಿನ ಒಳಪದರವಿದ್ದ ಚೀಲಕ್ಕೆ ಅದನ್ನು ಸೇರಿಸುತ್ತಿದ್ದರು. ಆಷಾಢದಲ್ಲಿ ಕಾರ್ಯಕ್ರಮಗಳಿಲ್ಲದಾಗ ಅದು ತೋಟದ ಮನೆಯ ಗೋಡೆಗೆ ಒರಗಿಕೊಂಡು ಚೀಲದೊಳಗೇ ವಾರಗಟ್ಟಲೆ ಇರುತ್ತಿತ್ತು. ಬೂಷ್ಟು ಕಂಡಾಗ ಹೊರತೆಗೆದು, ಬಿಸಿಲು ಬಂದ ದಿನ ಅಂಗಳದಲ್ಲಿ ಒಣಗಿಸುತ್ತಿದ್ದರು.

ಮರ ತೇವವನ್ನು ಹೀರಿದಾಗ ಎಳೆಗಳ ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ. ಎಳೆಗಳಿಗೆ ಅಡ್ಡವಾಗಿ ಉಬ್ಬುತ್ತದೆ. ಆದರೆ ಅದರೊಳಗಿರುವ ಸ್ಕ್ರೂ ಮತ್ತು ಬುಶ್ ಉಬ್ಬುವುದಿಲ್ಲ. ಉಬ್ಬಲು ಜಾಗವಿಲ್ಲದ ಮರದ ನಾರುಗಳು ಲೋಹಕ್ಕೆ ಒತ್ತಿ ಜಜ್ಜಿಹೋಗುತ್ತವೆ, ಮತ್ತು ಮರ ಒಣಗಿದಾಗ ಜಜ್ಜಿದ ನಾರು ಮೊದಲಿನ ಆಕಾರಕ್ಕೆ ಮರಳದೆ ತೂತು ಹಿಗ್ಗಿಯೇ ಉಳಿಯುತ್ತದೆ. ಸಡಿಲಾದ ಗುದ್ದಲಿಯ ಕಾವನ್ನು ನೀರಿನಲ್ಲಿ ನೆನೆಸಿ ಬಿಗಿ ಮಾಡಿದವರಿಗೆ ಇದು ಗೊತ್ತು: ಇಂದು ಬಿಗಿಯಾದ ಕಾವು ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗಿರುತ್ತದೆ. ಇದರ ಜೊತೆಗೆ ಕಬ್ಬಿಣದ ಚಿಕ್ಕ ಸ್ಕ್ರೂಗಳು ತುಕ್ಕು ಹಿಡಿದು, ಆ ತುಕ್ಕು ಸುತ್ತಲಿನ ನಾರನ್ನು ಕಪ್ಪಾಗಿಸಿ ಪುಡಿಯಾಗುವಂತೆ ಮಾಡಿತ್ತು. ಸ್ಕ್ರೂ ಸಡಿಲವಾದಾಗಲೆಲ್ಲ ಇನ್ನಷ್ಟು ಬಿಗಿ ಮಾಡಲು ಹೋಗಿ ಉಳಿದ ಮರವನ್ನೂ ಕೊರೆದುಹಾಕಲಾಗಿತ್ತು.

ಕೀ ಎಂದರೆ ಲೋಹದ ಭಾಗಗಳಷ್ಟೇ ಎಂದು ನಾವು ತಿಳಿಯುತ್ತೇವೆ. ಅದನ್ನು ಹಿಡಿದಿರುವ ಒಂದೂವರೆ ಸೆಂಟಿಮೀಟರ್ ದಪ್ಪದ ಮರವೂ ಆ ಯಂತ್ರದ ಭಾಗವೇ. ಈ ಪ್ರಕರಣದಲ್ಲಿ ಕೆಟ್ಟಿದ್ದು ಆ ಭಾಗ.

ದುರಸ್ತಿ

ಒಂದು ದೋಷವನ್ನು ಸರಿಪಡಿಸಿ, ಅದರ ಪರಿಣಾಮ ನೋಡಿ, ಬಳಿಕ ಮುಂದಿನದಕ್ಕೆ ಹೋಗುವುದೆಂದು ನಿಶ್ಚಯಿಸಿದೆ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಎಷ್ಟು ಗುಣವಾಯಿತೆಂದು ತಿಳಿಯುವುದಿಲ್ಲ, ಮತ್ತು ನಾಳೆ ಇದೇ ದೂರು ಹೊತ್ತು ಬರುವ ಇನ್ನೊಂದು ವಾದ್ಯಕ್ಕೆ ಈ ಅನುಭವ ಉಪಯೋಗಕ್ಕೆ ಬರುವುದಿಲ್ಲ.

ತಂತಿಗಳನ್ನು ನಾಲ್ಕೂ ಸಮವಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಮೂರನೇ ತಂತಿಯನ್ನು ಅದರ ಸುತ್ತು ಕೆಡದಂತೆ ಗೂಟದಿಂದ ಎತ್ತಿ ಬದಿಗಿಟ್ಟೆ. ತಿರುಗುತ್ತಲೇ ಇದ್ದ ಎರಡು ಸ್ಕ್ರೂಗಳು ಸುಲಭವಾಗಿ ಬಂದವು. ಉಳಿದೆರಡು ತುಕ್ಕಿನಿಂದ ಅಂಟಿಕೊಂಡಿದ್ದವು. ಇಂತಹ ಸ್ಕ್ರೂಗಳನ್ನು ಬಲದಿಂದ ತಿರುಗಿಸಿದರೆ ತಲೆ ಮುರಿದು ದಂಡು ಮರದಲ್ಲೇ ಉಳಿಯುತ್ತದೆ. ಬಿಸಿಯಾದ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಯ ಮೇಲೆ ಅರ್ಧ ನಿಮಿಷ ಇಟ್ಟು, ಆರಿದ ನಂತರ ತಲೆಗೆ ಸರಿಯಾಗಿ ಹೊಂದುವ ಸ್ಕ್ರೂಡ್ರೈವರಿನಿಂದ ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಬಿಚ್ಚಿದರೆ ಬಹಳಷ್ಟು ಸಲ ಹಿಡಿತ ಬಿಡುತ್ತದೆ. ಇಲ್ಲಿಯೂ ಬಿಟ್ಟಿತು. ಸುತ್ತಲಿನ ಪಾಲಿಶ್‌ಗೆ ಬಿಸಿ ತಾಗದಂತೆ ತೆಳುವಾದ ರಟ್ಟಿಗೆ ತೂತು ಮಾಡಿ ಹೊದಿಸಿಕೊಳ್ಳಬೇಕು.

ತೂತುಗಳೊಳಗಿನ ಕಪ್ಪಾದ ಪುಡಿಯನ್ನು ಸಣ್ಣ ಬಿಟ್‌ನಿಂದ ಕೈಯಲ್ಲೇ ಕೆರೆದು ತೆಗೆದು, ಗಟ್ಟಿ ಮರ ಸಿಗುವವರೆಗೆ ಶುಚಿ ಮಾಡಿದೆ. ಸುವಾಸನೆಯ ಹಿಟ್ಟು ಹಚ್ಚದ ಊದುಬತ್ತಿಯ ಬಿದಿರು ಕಡ್ಡಿಗಳನ್ನು ಸೀಳಿ, ಮರದ ಅಂಟಿನಲ್ಲಿ ಅದ್ದಿ, ತೂತು ತುಂಬುವಷ್ಟು ಒತ್ತಿ ಕೂರಿಸಿದೆ. ಬಿದಿರಿನ ನಾರು ಗಟ್ಟಿ, ಸೀಳಿದ ಕಡ್ಡಿಗಳು ಒಂದಕ್ಕೊಂದು ಒತ್ತಿಕೊಂಡು ತೂತನ್ನು ಚೆನ್ನಾಗಿ ತುಂಬುತ್ತವೆ. ಬೀಟೆ ಅಥವಾ ತೇಗದ ಚೂರು ಹಾಕಬಹುದಲ್ಲವೆ ಎಂದು ನಮ್ಮ ಕಡೆಯ ಬಡಗಿಗಳು ಕೇಳುತ್ತಾರೆ. ಎರಡೂ ಸೊಗಸಾದ ಮರಗಳೇ, ಆದರೆ ಅವುಗಳಲ್ಲಿ ಸಹಜವಾದ ಎಣ್ಣೆಯಂಶ ಇರುವುದರಿಂದ ಅಂಟು ಮೇಪಲ್‌ನಲ್ಲಿ ಹಿಡಿದಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಅಂಟು ಒಣಗಲು ಒಂದು ಹಗಲು ಸಾಲದು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ಈ ಹಂತದಲ್ಲಿ ಅವಸರ ಮಾಡಿದರೆ ಹಿಂದಿನ ಕೆಲಸವೆಲ್ಲ ವ್ಯರ್ಥವಾಗುತ್ತದೆ ಎಂದು ತಂಡದವರಿಗೆ ತಿಳಿಸಿ, ಆ ವಾರದ ಕಾರ್ಯಕ್ರಮಕ್ಕೆ ಬೇರೊಂದು ಬಾಸ್ ಹೊಂದಿಸಿಕೊಳ್ಳಲು ಹೇಳಿದೆ. ಅವರು ಒಪ್ಪಿದರು.

ಚೆನ್ನಾಗಿ ಒಣಗಿದ ಮೇಲೆ ಕಡ್ಡಿಗಳನ್ನು ಮರದ ಮಟ್ಟಕ್ಕೆ ಕತ್ತರಿಸಿ, ಎಳೆಗಳನ್ನು ಬಿಟ್ಟು ಸ್ಕ್ರೂವಿನ ನಡುದಂಡಿನಷ್ಟೇ ದಪ್ಪದ, ಈ ಸ್ಕ್ರೂಗಳಿಗೆ 1.5 ಮಿ.ಮೀ., ಬಿಟ್‌ನಿಂದ ಹೊಸ ತೂತು ಕೊರೆದೆ. ಬಿಟ್ ಎಷ್ಟು ಆಳ ಹೋಗಬೇಕೆಂಬುದಕ್ಕೆ ಅದರ ಮೇಲೆ ಟೇಪಿನ ಗುರುತು ಹಾಕಿಕೊಳ್ಳದೆ ತಲೆಭಾಗವನ್ನು ಕೊರೆಯಬಾರದು; ಮುಂಬದಿಗೆ ತೂರಿಹೋದರೆ ಸರಿಪಡಿಸುವ ಮಾರ್ಗವಿಲ್ಲ. ಹೊಸ ಸ್ಕ್ರೂಗಳ ಎಳೆಗೆ ಮೇಣದಬತ್ತಿಯನ್ನು ಉಜ್ಜಿದೆ. ಸೋಪು ಉಜ್ಜುವ ರೂಢಿ ಕೆಲವರಲ್ಲಿದೆ, ಆದರೆ ಸೋಪು ತೇವ ಹಿಡಿದು ಸ್ಕ್ರೂವಿಗೆ ಮತ್ತೆ ತುಕ್ಕು ತರುತ್ತದೆ.

ಅಲುಗುತ್ತಿದ್ದ ಬುಶ್ ತೆಗೆದು, ಅದರ ತೂತಿನ ಒಳಗೋಡೆಗೆ ರಂದದಿಂದ ತೆಗೆದ ಕಾಗದದಷ್ಟು ತೆಳುವಾದ ಮರದ ಸುರುಳಿಯನ್ನು ಅಂಟಿಸಿ, ಒಣಗಿದ ನಂತರ ಬುಶ್ ಮರಳಿ ಕೂರಿಸಿದೆ. ಇದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬಾರದು. ಪಾಲಿಶ್ ಚಕ್ಕೆ ಏಳುವುದಲ್ಲದೆ ತಲೆಭಾಗ ಸೀಳುವ ಅಪಾಯವಿದೆ. ಎರಡೂ ಬದಿಗೆ ಮರದ ತುಂಡು ಕೊಟ್ಟು ಕ್ಲಾಂಪಿನಿಂದ ಮೆಲ್ಲಗೆ ಒತ್ತುವುದೇ ಸರಿಯಾದ ವಿಧಾನ.

ಕೀಗಳನ್ನು ಒಂದೊಂದಾಗಿ ಬಿಚ್ಚಿ, ಯಾವ ಕೀ ಯಾವ ಸ್ಥಾನದ್ದೆಂದು ಗುರುತಿಟ್ಟು, ಹಳೆಯ ಟೂತ್‌ಬ್ರಷ್ ಮತ್ತು ಸೀಮೆಎಣ್ಣೆಯಿಂದ ಅಂಟನ್ನೆಲ್ಲ ತೊಳೆದೆ. ಹಿತ್ತಾಳೆ ದೀಪಕ್ಕೆ ಹುಣಸೆಹುಳಿ ಹಚ್ಚಿ ಬೆಳಗುವಂತೆ ಇದನ್ನೂ ಬೆಳಗಬಹುದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಹುಳಿ ನಿಕ್ಕಲ್ ಲೇಪವನ್ನು ಕಳೆಯುತ್ತದೆ. ಸಂದುಗಳಲ್ಲಿ ಉಳಿದದ್ದು ಒಳಗಿಂದ ಲೋಹವನ್ನು ತಿನ್ನುತ್ತದೆ. ಒಣಗಿದ ಮೇಲೆ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಎ ತಂತಿಯ ಚಕ್ರದ ಹಲ್ಲುಗಳು ಚೆನ್ನಾಗಿದ್ದವು. ಮೊದಲ ತಂತಿಯ ಚಕ್ರದಲ್ಲಿ ಮಾತ್ರ ತುಸು ಸವೆತ ಕಂಡಿತು. ವರ್ಮ್ ಹಲ್ಲುಗಳನ್ನು ಮುಟ್ಟುವಲ್ಲಿ ಬಿಳಿ ಲಿಥಿಯಂ ಗ್ರೀಸನ್ನು ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಹಚ್ಚಿ, ಗೂಟ ಬುಶ್‌ನಲ್ಲಿ ತಿರುಗುವಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಹಾಕಿ, ಹೆಚ್ಚಾದದ್ದನ್ನು ಒರೆಸಿದೆ. ತುಕ್ಕು ಬಿಡಿಸುವ ಸ್ಪ್ರೇಗಳನ್ನು ವಾದ್ಯದ ಮೇಲೆ ನೇರವಾಗಿ ಸಿಂಪಡಿಸುವುದು ತಪ್ಪು; ಅವು ಇರುವ ಗ್ರೀಸನ್ನು ತೊಳೆದುಹಾಕಿ ಮರದೊಳಕ್ಕೆ ಇಳಿಯುತ್ತವೆ.

ಚಕ್ರದ ನಡುವಿನ ಸ್ಕ್ರೂ ಬಿಗಿ ಮಾಡುವುದಕ್ಕೆ ಹದ ಬೇಕು. ಸಡಿಲವಾದರೆ ಚಕ್ರ ಗೂಟದ ಮೇಲೆ ಆಡುತ್ತದೆ, ಅತಿಯಾದರೆ ಗೇರು ಉಜ್ಜಿ ಬೇಗ ಸವೆಯುತ್ತದೆ. ಹಿಡಿ ಒಂದು ಪೂರ್ಣ ಸುತ್ತು ಎಲ್ಲಿಯೂ ತಡೆಯದೆ ಸಮನಾಗಿ ತಿರುಗಬೇಕು, ಆದರೆ ಹಿಂದೆ ಮುಂದೆ ಅಲುಗಿಸಿದರೆ ಖಾಲಿ ಚಲನೆ ಕಾಣಬಾರದು. ಬೆರಳಿಗೆ ತಿಳಿಯುವ ಹದ ಅದು.

ಫಲಿತಾಂಶ ಮತ್ತು ಉಳಿದ ಎರಡು ದೋಷಗಳು

ಕೀಯನ್ನು ಮರಳಿ ಜೋಡಿಸಿ, ಅದೇ ಹಳೆಯ ತಂತಿಯನ್ನು ಅದೇ ಸುತ್ತಿನಲ್ಲಿ ಗೂಟಕ್ಕೆ ಹಾಕಿ ಪರೀಕ್ಷಿಸಿದಾಗ ಇಳಿತ 15 ಸೆಂಟ್‌ನಿಂದ 6ಕ್ಕೆ ಬಂದಿತು. ದೋಷದ ದೊಡ್ಡ ಪಾಲು ಮರದಲ್ಲಿತ್ತು ಎಂಬುದು ಇದರಿಂದ ಖಚಿತವಾಯಿತು. ಆದರೆ ವೇದಿಕೆಯಲ್ಲಿ 6 ಸೆಂಟ್ ಕೂಡ ಕಡಿಮೆಯೇನಲ್ಲ.

ಮುಂದಿನ ಪಾಲು ನಟ್‌ನದು. ತೆಳುವಾದ ಹಳೆಯ ತಂತಿಯೊಂದಕ್ಕೆ ನುಣುಪಾದ ಸ್ಯಾಂಡ್‌ಪೇಪರ್ ಸುತ್ತಿ, ಮೂರನೇ ಮತ್ತು ನಾಲ್ಕನೇ ಕಚ್ಚುಗಳ ಪಕ್ಕದ ಗೋಡೆಗಳನ್ನಷ್ಟೇ ಸವರಿದೆ. ತಳವನ್ನು ಮುಟ್ಟಿದರೆ ತಂತಿ ಕೆಳಗಿಳಿದು ಕತ್ತಿನ ಮೇಲಿನ ಮೊದಲ ಫ್ರೆಟ್ಟಿಗೆ (ಲೋಹದ ಮೆಟ್ಟಿಗೆ) ತಾಗಿ ಗುಂಯ್‌ಗುಡುತ್ತದೆ. ಕಚ್ಚಿನೊಳಗೆ ಮೃದು ಪೆನ್ಸಿಲ್ಲಿನ ಸೀಸವನ್ನು ತುಂಬಿದ ನಂತರ "ಟಿಕ್" ಸದ್ದು ನಿಂತುಹೋಯಿತು.

ಕೊನೆಯದು ತಂತಿ ಸುತ್ತಿದ ಬಗೆ, ಮತ್ತು ಎ ತಂತಿಯ ವಿಷಯದಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಈ ಮಾದರಿಯ ಬಾಸ್‌ಗಳ ತಲೆಭಾಗದಲ್ಲಿ ಮೊದಲ ಎರಡು ತಂತಿಗಳನ್ನು ಕೆಳಗೊತ್ತಿ ಹಿಡಿಯುವ ಚಿಕ್ಕ ಲೋಹದ ಕೊಂಡಿ ಇರುತ್ತದೆ. ನಾಲ್ಕನೇ ತಂತಿಯ ಗೂಟ ನಟ್‌ಗೆ ಹತ್ತಿರವಿರುವುದರಿಂದ ಅದಕ್ಕೆ ಸಾಕಷ್ಟು ಇಳಿಜಾರು ತಾನಾಗಿಯೇ ಸಿಗುತ್ತದೆ. ಮೂರನೆಯದಕ್ಕೆ ಎರಡೂ ಇಲ್ಲ. ಅದು ನಟ್‌ನ ಮೇಲೆ ಗಟ್ಟಿಯಾಗಿ ಕೂರಬೇಕಾದರೆ ಗೂಟದ ಸುತ್ತುಗಳು ಮೇಲಿಂದ ಕೆಳಕ್ಕೆ, ಒಂದರ ಕೆಳಗೊಂದು, ಮರದ ಹತ್ತಿರ ಬರುವಂತೆ ಇರಲೇಬೇಕು. ಈ ವಾದ್ಯದಲ್ಲಿ ಒಂದೇ ಸುತ್ತು ಇದ್ದು, ಅದೂ ಗೂಟದ ತುದಿಯ ಬಳಿ ಮೇಲಕ್ಕೇರಿತ್ತು. ಬಲವಾಗಿ ನುಡಿಸಿದಾಗ ಆ ಸುತ್ತು ಸರಿದು ಬಿಗಿಯಾಗುತ್ತ ತಂತಿಯನ್ನು ಬಿಟ್ಟುಕೊಡುತ್ತಿತ್ತು. ಎತ್ತರದಿಂದ ಎಳೆಯುತ್ತಿದ್ದುದರಿಂದ ಗೂಟದ ಮೇಲಿನ ಮೀಟುಬಲವೂ ಹೆಚ್ಚಾಗಿ ಸ್ಕ್ರೂಗಳಿಗೆ ಹೊರೆಯಾಗಿತ್ತು. ಹೀಗೆ ಎರಡು ದೋಷಗಳು ಒಂದನ್ನೊಂದು ಬೆಳೆಸಿದ್ದವು.

ಹೊಸ ತಂತಿಯನ್ನು ಗೂಟಕ್ಕಿಂತ 10–12 ಸೆಂ.ಮೀ. ಹೆಚ್ಚು ಉಳಿಯುವಂತೆ ಅಳೆದು, ಮೊದಲು ಲಂಬವಾಗಿ ಬಗ್ಗಿಸಿ, ಆಮೇಲೆ ಬಗ್ಗಿಸಿದ ಜಾಗದಿಂದ ಆಚೆಗೆ ಕತ್ತರಿಸಿದೆ. ಬಗ್ಗಿಸದೆ ಕತ್ತರಿಸಿದರೆ ಒಳತಂತಿಯ ಮೇಲೆ ಸುತ್ತಿದ ಹೊರಸುತ್ತು ಸಡಿಲಗೊಂಡು ತಂತಿಯ ನಾದವೇ ಸತ್ತುಹೋಗುತ್ತದೆ. ತುದಿಯನ್ನು ಗೂಟದ ನಡುವಿನ ತೂತಿಗೆ ಇಳಿಸಿ, ಎರಡೂವರೆ ಸುತ್ತು ಕೆಳಮುಖವಾಗಿ ಸುತ್ತಿದೆ. ತಂತಿಗಳನ್ನು ಬೆರಳಿನಿಂದ ಎಳೆದು ಎಳೆದು ಕೂರಿಸಿ, ನಾಲ್ಕನ್ನೂ ಸರದಿಯಂತೆ ಮತ್ತೆ ಮತ್ತೆ ಶ್ರುತಿ ಮಾಡಿದೆ. ಒಂದನ್ನು ಬಿಗಿ ಮಾಡಿದರೆ ಕತ್ತು ತುಸು ಬಾಗಿ ಉಳಿದವು ಇಳಿಯುತ್ತವೆ. ನಂತರದ ಪರೀಕ್ಷೆಯಲ್ಲಿ ಎ ತಂತಿಯ ಇಳಿತ 2 ಸೆಂಟ್ ಒಳಗೇ ಇತ್ತು.

ವಾದಕರಿಗೆ ಒಪ್ಪಿಸುವಾಗ ಒಂದು ಅಭ್ಯಾಸ ಬದಲಿಸಿಕೊಳ್ಳಲು ಕೇಳಿಕೊಂಡೆ. ಸ್ವರ ಹೆಚ್ಚಾದಾಗ ಅವರು ಹಿಡಿಯನ್ನು ಹಿಂದೆ ತಿರುಗಿಸಿ, ಸರಿಯಾದ ಸ್ವರ ಬಂದ ಕೂಡಲೇ ನಿಲ್ಲಿಸುತ್ತಿದ್ದರು. ಹಾಗೆ ಮಾಡಿದಾಗ ವರ್ಮ್ ಮತ್ತು ಹಲ್ಲಿನ ನಡುವಿನ ಸಣ್ಣ ಸಂದು ತುಂಬದೆ ಉಳಿಯುತ್ತದೆ, ನಟ್ ಹಿಂದಿನ ತಂತಿಯೂ ಸಡಿಲವಾಗಿರುತ್ತದೆ. ನಾಲ್ಕು ಬಾರಿ ಮೀಟಿದರೆ ಸ್ವರ ಇಳಿಯುತ್ತದೆ. ಬೇಕಾದ ಸ್ವರಕ್ಕಿಂತ ಕೆಳಗೆ ಇಳಿಸಿ, ಅಲ್ಲಿಂದ ಮೇಲಕ್ಕೆ ತಂದು ನಿಲ್ಲಿಸಬೇಕು. ಕಾರ್ಯಕ್ರಮ ಮುಗಿದ ಮೇಲೆ ತಂತಿ, ಕೀಗಳನ್ನು ಒಣಬಟ್ಟೆಯಲ್ಲಿ ಒರೆಸಿ, ತೇವ ಆರಿದ ನಂತರವೇ ಚೀಲಕ್ಕೆ ಹಾಕಬೇಕು, ಮಳೆಗಾಲದಲ್ಲಿ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಬೇಕು, ಅವುಗಳನ್ನು ಆಗಾಗ ಬದಲಿಸಬೇಕು, ಬಿಸಿಲಿಗೆ ಇಡಲೇಬಾರದು. ತಳಪಟ್ಟಿಯ ಸ್ಕ್ರೂಗಳನ್ನು ಮಳೆಗಾಲದ ಮೊದಲು ಮತ್ತು ಮುಗಿದ ಮೇಲೆ ಒಮ್ಮೆ ಸ್ಕ್ರೂಡ್ರೈವರಿನಿಂದ ಮುಟ್ಟಿ ನೋಡಬೇಕು, ಸಡಿಲವಿದ್ದರೆ ನಿಲ್ಲುವವರೆಗೆ ಮಾತ್ರ ತಿರುಗಿಸಬೇಕು.

ಆ ವರ್ಷದ ರಾಜ್ಯೋತ್ಸವದ ಕಾರ್ಯಕ್ರಮಗಳು ಮುಗಿದ ಮೇಲೆ ವಾದ್ಯವನ್ನು ಮತ್ತೆ ತರಿಸಿ ನೋಡಿದೆ. ಎ ತಂತಿಯ ತಳಪಟ್ಟಿ ಸುತ್ತಲೂ ಮರಕ್ಕೆ ಕೂತಿತ್ತು, ಕಾಗದ ತೂರಲಿಲ್ಲ, ಬುಶ್ ಅಲುಗಲಿಲ್ಲ. ಮೊದಲ ತಂತಿಯ ಚಕ್ರದ ಸವೆತ ಹೆಚ್ಚಿಲ್ಲದಿದ್ದರೂ ಹಿಡಿಯಲ್ಲಿ ಖಾಲಿ ಚಲನೆ ತುಸು ತಿಳಿಯುತ್ತದೆ, ಮುಂದೆ ಆ ಒಂದು ಕೀಯನ್ನು ಬದಲಿಸಬೇಕಾಗಬಹುದು. ಅದಕ್ಕೆ ಬೇಕಾದ ಅಳತೆಗಳನ್ನು, ಎಂದರೆ ಬುಶ್‌ನ ತೂತಿನ ವ್ಯಾಸ, ಗೂಟದ ಎತ್ತರ, ತಳಪಟ್ಟಿಯ ಸ್ಕ್ರೂಗಳ ನಡುವಿನ ಅಂತರ ಹಾಗೂ ಹಿಡಿ ಯಾವ ದಿಕ್ಕಿಗೆ ತಿರುಗಿದರೆ ತಂತಿ ಬಿಗಿಯಾಗುತ್ತದೆ ಎಂಬುದನ್ನು, ಅಳೆದು ಬರೆದು ವಾದಕರ ಕೈಗೆ ಕೊಟ್ಟಿದ್ದೇನೆ. ಇವುಗಳಲ್ಲಿ ಒಂದು ತಪ್ಪಿದರೂ ಹೊಸ ಕೀ ಸರಿಹೊಂದುವುದಿಲ್ಲ; ತೂತುಗಳ ಅಳತೆ ತಪ್ಪಿದರೆ ತಲೆಭಾಗವನ್ನು ಮತ್ತೆ ಕೊರೆಯಬೇಕಾಗುತ್ತದೆ.